ಪಿಐಡಿ ಅಂದರೆ ಬೆನ್ನೋ, ಕಿಬ್ಬೊಟ್ಟೆಯೋ? ಐಸಿಡಿ ಕೋಡ್ ಹಾಕುವ ಬಗೆ

ನಮ್ಮ ಎಂಆರ್‌ಡಿಗೆ (ಆಸ್ಪತ್ರೆಯ ಮೆಡಿಕಲ್ ರೆಕಾರ್ಡ್ಸ್ ವಿಭಾಗಕ್ಕೆ) ಹೊಸದಾಗಿ ಸೇರಿದ ಹುಡುಗಿ ಒಂದು ಫೈಲನ್ನು ಎದೆಗವಚಿಕೊಂಡು ಬಂದಳು. "ಅಕ್ಕ, ಪೇಶಂಟ್ ಗಂಡಸು, ನಲವತ್ತೆರಡು ವರ್ಷ. ಡಾಕ್ಟ್ರು ಪಿಐಡಿ ಅಂತ ಬರ್ದಿದ್ದಾರೆ. ಎನ್73.9 ಹಾಕಿದ್ರೆ ಸಾಫ್ಟ್‌ವೇರ್ ಕೆಂಪು ತೋರಿಸ್ತದೆ."

ಐಸಿಡಿಯಲ್ಲಿ, ಅಂದರೆ ಕಾಯಿಲೆಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿ, ಎನ್73 ಹೆಂಗಸರ ಕಿಬ್ಬೊಟ್ಟೆಯ ಸೋಂಕು. ಅದನ್ನೂ ಡಾಕ್ಟರರು ಪಿಐಡಿ ಅಂತಲೇ ಬರೆಯುತ್ತಾರೆ. "ಅದು ಬರ್ಲಿಕ್ಕೆ ಗರ್ಭಕೋಶ ಬೇಕಲ್ಲ ಮಾರಾಯ್ತಿ" ಅಂದೆ. ಮೂಳೆ ಡಾಕ್ಟರರ ಬಾಯಲ್ಲಿ ಪಿಐಡಿ ಅಂದರೆ ಬೆನ್ನುಮೂಳೆಯ ನಡುವಿನ ಡಿಸ್ಕ್ ಜಾರಿದ್ದು. ಅದೇ ಫೈಲಿನಲ್ಲಿ, ನಾಲ್ಕು ಹಾಳೆ ಹಿಂದೆ, ಎಂಆರ್‌ಐ ರಿಪೋರ್ಟು ಸೊಂಟದ ಡಿಸ್ಕಿನ ಹೆಸರು ಹೇಳುತ್ತಾ ಕೂತಿತ್ತು. ನೋವು ಕಾಲಿಗೆ ಇಳಿದಿರಲಿಲ್ಲ, ಆದ್ದರಿಂದ ಎಮ್51.2. ನರ ಒತ್ತಿ ಕಾಲಿಗೆ ಇಳಿದಿದ್ದರೆ ಎಮ್51.1 ಆಗುತ್ತಿತ್ತು. ಸಾಫ್ಟ್‌ವೇರ್ ತಡೆದದ್ದು ಪೇಶಂಟ್ ಗಂಡಸಾದ್ದಕ್ಕೆ. ಹೆಂಗಸಾಗಿದ್ದರೆ ಬೆನ್ನುನೋವಿಗೆ ಕಿಬ್ಬೊಟ್ಟೆಯ ಕೋಡ್ ಹತ್ತಿ, ಯಾರಿಗೂ ತಿಳಿಯದೆ ಹೋಗುತ್ತಿತ್ತು.

ನಾನು ಥಾಣೆಯ ಒಂದು ಖಾಸಗಿ ಆಸ್ಪತ್ರೆಯ ಮೆಡಿಕಲ್ ರೆಕಾರ್ಡ್ಸ್ ಕೋಣೆಯಲ್ಲಿ ಈ ಕೆಲಸಕ್ಕೆ ಕೂತು ಇಪ್ಪತ್ತು ವರ್ಷ ದಾಟಿತು. ಮನೆ ಡೊಂಬಿವಲಿ. ಅಪ್ಪ ಮಾಟುಂಗದ ಹೋಟೆಲಿನಲ್ಲಿ ಗಲ್ಲಾದಲ್ಲಿ ಕೂತವರು. ಈಗ ನಮ್ಮವರ ಮಕ್ಕಳು ಸುಮಾರು ಜನ ನವಿ ಮುಂಬಯಿ, ಪುಣೆಯ ಕೋಡಿಂಗ್ ಕಂಪೆನಿಗಳಿಗೆ ಸೇರುತ್ತಿದ್ದಾರೆ. ಮದುವೆ ಮನೆಯಲ್ಲಿ ಸಿಕ್ಕಿದವರು, "ಅದು ಕಂಪ್ಯೂಟರ್ ಪ್ರೋಗ್ರಾಮಾ ಅಕ್ಕ?" ಅಂತ ಕೇಳುತ್ತಾರೆ. ಅಲ್ಲ. ಇದು ಓದುವ ಕೆಲಸ. ಇನ್ನೊಬ್ಬರ ಕೈಬರಹ ಓದಿ, ಅಲ್ಲಿರುವ ಕಾಯಿಲೆಗೆ ಇಡೀ ಜಗತ್ತು ಒಪ್ಪಿದ ಒಂದು ನಂಬರ್ ಹುಡುಕಿ ಬರೆಯುವುದು. ಫೈಲಿನಲ್ಲಿ ಇದ್ದದ್ದಕ್ಕಿಂತ ಹೆಚ್ಚು ಹೇಳಬಾರದು, ಕಡಿಮೆಯೂ ಹೇಳಬಾರದು.

ಈ ಪಟ್ಟಿಯ ಬೇರು ಹಳೆಯದು. ಪ್ಯಾರಿಸ್ ನಗರದ ಅಂಕಿಅಂಶ ವಿಭಾಗದಲ್ಲಿದ್ದ ಜಾಕ್ ಬೆರ್ತಿಯೋಂ 1893ರಲ್ಲಿ ಸಾವಿನ ಕಾರಣಗಳ ಪಟ್ಟಿ ಮಂಡಿಸಿದ. 1948ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಕೈಗೆತ್ತಿಕೊಂಡಾಗ, ಆರನೆಯ ಪರಿಷ್ಕರಣೆಯಲ್ಲಿ, ಬದುಕಿರುವವರ ಕಾಯಿಲೆಗಳೂ ಸೇರಿದವು. ನಾವು ಬಳಸುವ ಹತ್ತನೆಯದಕ್ಕೆ ಒಪ್ಪಿಗೆ ಸಿಕ್ಕಿದ್ದು 1990ರಲ್ಲಿ.

ಕೋಡ್ ನೋಡಲು ಹೀಗಿರುತ್ತದೆ: ಒಂದು ಇಂಗ್ಲಿಷ್ ಅಕ್ಷರ, ಎರಡು ಅಂಕಿ, ಒಂದು ಚುಕ್ಕಿ, ಆಮೇಲೆ ಇನ್ನೊಂದು ಅಂಕಿ. ಇಲ್ಲಿ ಅಕ್ಷರಗಳನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಎ ಅಂದರೆ ಇಂಗ್ಲಿಷಿನ ಮೊದಲ ಅಕ್ಷರ, ಇ ಐದನೆಯದು, ಐ ಒಂಬತ್ತನೆಯದು, ಗೊಂದಲ ಬೇಡ. ಎ, ಬಿ ಸೋಂಕು. ಸಿ ಕ್ಯಾನ್ಸರ್. ಇ ಅಂದರೆ ಸಕ್ಕರೆ ಕಾಯಿಲೆ, ಥೈರಾಯ್ಡ್. ಐ ಹೃದಯ, ಬಿಪಿ. ಜೆ ಉಸಿರಾಟ, ಕೆ ಹೊಟ್ಟೆ. ಓ ಬಸಿರು ಬಾಣಂತನ. ಎಸ್ ಮತ್ತು ಟಿ ಪೆಟ್ಟು, ವಿಷ. ಪೆಟ್ಟು ಹೇಗಾಯಿತು ಅನ್ನುವುದಕ್ಕೆ ವಿ, ಡಬ್ಲ್ಯೂ, ಎಕ್ಸ್, ವೈ. ಇಷ್ಟು ಗೊತ್ತಿದ್ದರೆ ಸಾಕು, ಉಳಿದದ್ದು ಕೈಗೆ ತಾನೇ ಹತ್ತುತ್ತದೆ. ಕೋಡ್ ಬಾಯಿಪಾಠ ಮಾಡಬೇಡಿ. ಬಾಯಿಪಾಠ ಮಾಡಿದವರೇ ಪುಸ್ತಕ ತೆರೆಯದೆ ತಪ್ಪುತ್ತಾರೆ.

ಒಂದು ಎಚ್ಚರ: ಓ ಅಕ್ಷರ ಮತ್ತು ಸೊನ್ನೆ, ಐ ಮತ್ತು ಒಂದು. ಸಹಜ ಹೆರಿಗೆ ಓ80. ನಾನು ಸೇರಿದ ಹೊಸದರಲ್ಲಿ ಒಂದು ವಾರದ ಹೆರಿಗೆಗಳನ್ನೆಲ್ಲ ಸೊನ್ನೆ ಎಂಬತ್ತು ಅಂತ ಟೈಪ್ ಮಾಡಿದ್ದೆ. ತಿಂಗಳ ಕೊನೆಯ ಲೆಕ್ಕದಲ್ಲಿ ತೊಟ್ಟಿಲು ತುಂಬ ಮಕ್ಕಳು, ಹೆತ್ತವರೇ ಇಲ್ಲ. ಹನ್ನೊಂದನೆಯ ಪರಿಷ್ಕರಣೆಯಲ್ಲಿ ಓ, ಐ ಎರಡನ್ನೂ ಕೈಬಿಟ್ಟಿದ್ದಾರೆ ಎಂದು ಓದಿದಾಗ, ಅಲ್ಲಿಯೂ ನನ್ನಂಥವರು ಇದ್ದಿರಬೇಕು ಅಂದುಕೊಂಡೆ.

ಈಗ ಕೆಲಸಕ್ಕೆ ಬರೋಣ. ಫೈಲನ್ನು ಡಿಸ್ಚಾರ್ಜ್ ಸಮ್ಮರಿಯಿಂದ ಶುರುಮಾಡಿ, ಆದರೆ ಅಲ್ಲಿಗೇ ಮುಗಿಸಬೇಡಿ. ಮೊದಲ ಪುಟದ ಅಡ್ಮಿಶನ್ ಡಯಾಗ್ನೋಸಿಸ್ ಬರೀ ಅಂದಾಜು. ರಾತ್ರಿ ಎರಡು ಗಂಟೆಗೆ ಕ್ಯಾಶುವಾಲ್ಟಿಯಲ್ಲಿದ್ದ ಹುಡುಗ ಬರೆದದ್ದು. ಎದೆನೋವು ಅಂತ ಬಂದವರದ್ದು ಕೊನೆಗೆ ಬರೀ ಗ್ಯಾಸ್ ಅಂತಲೂ ಆಗುತ್ತದೆ, ಹಾರ್ಟ್ ಅಟ್ಯಾಕ್ ಅಂತಲೂ ಆಗುತ್ತದೆ. ಕೊನೆಗೆ ತೀರ್ಮಾನವಾದದ್ದು ಏನು, ಈ ಸಲದ ಚಿಕಿತ್ಸೆ ಬೇಕಾದದ್ದು ಮುಖ್ಯವಾಗಿ ಯಾವುದಕ್ಕೆ, ಅದೇ ಮೊದಲ ಕೋಡ್. ಅಂಥವು ಎರಡು ಮೂರು ಇದ್ದರೆ ಯಾವುದಕ್ಕೆ ಹೆಚ್ಚು ಚಿಕಿತ್ಸೆ, ಹೆಚ್ಚು ಖರ್ಚು ಹಿಡಿಯಿತೋ ಅದನ್ನು ಮುಂದೆ ಇಡಿ. ಕಾರಣ ಸಿಕ್ಕಿದ ಮೇಲೆ ಲಕ್ಷಣದ ಕೋಡ್ ಬೇಡ. ಟೈಫಾಯ್ಡ್ ಅಂತ ಆದ ಮೇಲೆ ಎ01.0 ಸಾಕು, ಪಕ್ಕದಲ್ಲಿ ಜ್ವರದ ಆರ್50.9 ಕೂರಿಸಬೇಡಿ. ಅನ್ನದ ಮೇಲೆ ಅಕ್ಕಿ ಉದುರಿಸಿದ ಹಾಗೆ.

ಕೋಡ್ ಹುಡುಕುವುದಕ್ಕೆ ಮೂರು ಸಂಪುಟ. ಒಂದನೆಯದು ಕೋಡುಗಳ ಪಟ್ಟಿ, ಎರಡನೆಯದು ನಿಯಮ, ಮೂರನೆಯದು ಅಕಾರಾದಿ. ಅಕಾರಾದಿಯಿಂದ ಹೊರಟು ಪಟ್ಟಿಗೆ ಹೋಗಬೇಕು. ಅಕಾರಾದಿಯಲ್ಲಿ ಅಂಗದ ಹೆಸರಿನಲ್ಲಿ ಹುಡುಕಿದರೆ ಏನೂ ಸಿಗುವುದಿಲ್ಲ. ಹಾರ್ಟ್ ಅಂತ ತೆಗೆದು ನೋಡಿ, 'ಸೀ ಕಂಡಿಶನ್' ಅಂತ ವಾಪಸು ಕಳಿಸುತ್ತದೆ. ತೊಂದರೆ ಏನು ಅನ್ನುವುದನ್ನು ಮೊದಲು ಹಿಡಿಯಬೇಕು: ಮುರಿತ, ನೋವು, ಊತ, ಸೋಂಕು. ಅದರ ಕೆಳಗೆ ಅಂಗ. ತೊಡೆಮೂಳೆಯ ಕುತ್ತಿಗೆ ಮುರಿದಿದ್ದರೆ ಫ್ರ್ಯಾಕ್ಚರ್, ಅದರಡಿ ಫೀಮರ್, ಅದರಡಿ ನೆಕ್. ಅಲ್ಲಿ ಸಿಕ್ಕಿದ ಕೋಡನ್ನು ಹಾಗೇ ಬರೆಯಬೇಡಿ. ಕೊನೆಯಲ್ಲಿ ಒಂದು ಅಡ್ಡಗೆರೆ ಇದ್ದರೆ ಇನ್ನೊಂದು ಅಂಕಿ ಬಾಕಿ ಇದೆ ಎಂದರ್ಥ. ಒಂದನೆಯ ಸಂಪುಟಕ್ಕೆ ಹೋಗಿ, ಆ ಕೋಡಿನ ಕೆಳಗೆ ಏನು ಸೇರುತ್ತದೆ, ಏನು ಸೇರುವುದಿಲ್ಲ ಅಂತ ಬರೆದಿರುವುದನ್ನು ಓದಿ. 'ಸೇರುವುದಿಲ್ಲ' ಅನ್ನುವ ಸಾಲುಗಳಲ್ಲೇ ನಮ್ಮ ಸಂಬಳ ಇದೆ. ನ್ಯೂಮೋನಿಯಾ ಅಂತ ಕಂಡ ಕೂಡಲೇ ಜೆ18.9 ಒತ್ತುತ್ತಾರೆ. ಪಾರ್ಶ್ವವಾಯು ಆದವರಿಗೆ ಗಂಜಿ ಶ್ವಾಸನಾಳಕ್ಕೆ ಇಳಿದು ಆದ ನ್ಯೂಮೋನಿಯಾ ಅಲ್ಲಿ ಸೇರುವುದಿಲ್ಲ, ಅದು ಜೆ69.0 ಅಂತ ಜೆ18ರ ಕೆಳಗೇ ಬರೆದಿದೆ.

ಇದೆಲ್ಲ ಈಗ ವಿಶ್ವ ಆರೋಗ್ಯ ಸಂಸ್ಥೆಯ ವೆಬ್‌ಸೈಟಿನಲ್ಲಿ ಬಿಟ್ಟಿ ಸಿಗುತ್ತದೆ. ಗೂಗಲ್‌ನಲ್ಲಿ ಕಾಯಿಲೆಯ ಹೆಸರು ಹಾಕಿ ಹುಡುಕಬೇಡಿ. ಮೊದಲು ಎದುರಾಗುವುದು ಅಮೆರಿಕದ ಕೋಡ್. ಅವರು 2015ರ ಅಕ್ಟೋಬರ್‌ನಿಂದ ತಮ್ಮದೇ ಹಿಗ್ಗಿಸಿದ ಆವೃತ್ತಿ ಬಳಸುತ್ತಾರೆ, ಏಳು ಸ್ಥಾನದವರೆಗೆ ಹೋಗುತ್ತದೆ. ಎಸ್72.001ಎ ಅಂದರೆ ಬಲಗಾಲು, ಮೊದಲ ಹಂತದ ಚಿಕಿತ್ಸೆ ಎಂದೆಲ್ಲ ಅದರೊಳಗೇ ಇದೆ. ಕಂಪೆನಿಯಲ್ಲಿ ಅಮೆರಿಕದ ಫೈಲ್ ಮಾಡುವವರಿಗೆ ಅದೇ ಬೇಕು. ನಮ್ಮ ಆಸ್ಪತ್ರೆಯ ಫೈಲಿಗೆ ಅದು ಪಕ್ಕದ ಮನೆಯ ಬೀಗದ ಕೈ.

ಒಂದು ಫೈಲನ್ನು ಕೂತು ಮಾಡಿ ತೋರಿಸುತ್ತೇನೆ, ಗುರುತು ಸಿಗದ ಹಾಗೆ ಸ್ವಲ್ಪ ಬದಲಿಸಿ.

ಹೋಟೆಲಿನ ಅಡುಗೆ ಭಟ್ರು, 61 ವರ್ಷ. ಬೆಳಿಗ್ಗೆ ಐದೂವರೆಗೆ ಗ್ರೈಂಡರಿನ ಹತ್ತಿರ ಚೆಲ್ಲಿದ ಹಿಟ್ಟಿನ ಮೇಲೆ ಕಾಲು ಜಾರಿ ಬಿದ್ದರು. ಬಲಗಡೆ ತೊಡೆಮೂಳೆಯ ಕುತ್ತಿಗೆ ಮುರಿಯಿತು. ಮೂರನೆಯ ದಿನ ಆಪರೇಶನ್, ಆರನೆಯ ದಿನ ನ್ಯೂಮೋನಿಯಾ, ಐಸಿಯು, ಹದಿನಾಲ್ಕನೆಯ ದಿನ ಡಿಸ್ಚಾರ್ಜ್. ಸಮ್ಮರಿಯಲ್ಲಿ ಇದ್ದದ್ದು ಮೂರು ಸಾಲು: ಮುರಿತ, ಡಿಎಂ (ಸಕ್ಕರೆ ಕಾಯಿಲೆ), ನ್ಯೂಮೋನಿಯಾ.

ಮೊದಲ ಕೋಡ್ ಎಸ್72.0. ಚರ್ಮ ಹರಿಯದ ಮುರಿತ ಅಂತ ಹೇಳಬೇಕಾದರೆ ಐದನೆಯ ಸ್ಥಾನಕ್ಕೆ 0, ಗಾಯ ತೆರೆದಿದ್ದರೆ 1. ಅದಕ್ಕೂ ಮೊದಲು ಒಂದು ಅನುಮಾನ ನಿವಾರಿಸಿಕೊಳ್ಳಬೇಕು: ಮೂಳೆ ಸವೆದು ತಾನಾಗಿ ಮುರಿದು ಆಮೇಲೆ ಬಿದ್ದದ್ದೋ, ಬಿದ್ದು ಮುರಿದದ್ದೋ? ಮೂಳೆ ಸವೆತದಿಂದ ಮುರಿದದ್ದು ಅಂತ ಡಾಕ್ಟರ್ ಬರೆದಿದ್ದರೆ ಎಮ್80ರ ಕಡೆ ಹೋಗಬೇಕು. ಇಲ್ಲಿ ಹಾಗಿರಲಿಲ್ಲ. ಆಮೇಲೆ ಬಿದ್ದದ್ದು ಹೇಗೆ: ಜಾರಿ, ನೆಲದ ಮಟ್ಟದಲ್ಲೇ, ಆದ್ದರಿಂದ ಡಬ್ಲ್ಯೂ01. ಎಲ್ಲಿ ಅನ್ನುವುದು ನಾಲ್ಕನೆಯ ಸ್ಥಾನ: ಮನೆಯಾದರೆ 0, ರಸ್ತೆಯಾದರೆ 4, ಅಂಗಡಿ ಹೋಟೆಲಾದರೆ 5. ಸಮ್ಮರಿಯಲ್ಲಿ ಬರೀ 'ಬಿದ್ದ ಇತಿಹಾಸ' ಅಂತ ಇತ್ತು. ಹಿಟ್ಟು, ಗ್ರೈಂಡರು ಎಲ್ಲ ಸಿಕ್ಕಿದ್ದು ನರ್ಸ್ ಬರೆದ ಮೊದಲ ಟಿಪ್ಪಣಿಯಲ್ಲಿ. ನರ್ಸುಗಳು ಯಾವಾಗಲೂ ಡಾಕ್ಟರರಿಗಿಂತ ಚೆನ್ನಾಗಿ ಕಥೆ ಕೇಳುತ್ತಾರೆ. ಡಬ್ಲ್ಯೂ01.5.

ನ್ಯೂಮೋನಿಯಾ ಐಸಿಯುವಿಗೆ ಎಳೆದರೂ, ಅವರು ಬಂದದ್ದೂ ಆಪರೇಶನ್ ಆದದ್ದೂ ಮುರಿತಕ್ಕೆ. ಅದು ಹಿಂದಿನ ಸಾಲಿನಲ್ಲಿ ಜೆ18.9 ಆಗಿ ಕೂರುತ್ತದೆ.

ಡಿಎಂ ಅನ್ನುವ ಎರಡಕ್ಷರದಲ್ಲಿ ನಾನು ಅರ್ಧ ಗಂಟೆ ಕಳೆದೆ. ಯಾವ ಟೈಪ್ ಅಂತ ಬರೆಯದಿದ್ದರೆ ಪುಸ್ತಕ ಇ14ಕ್ಕೆ ಕಳಿಸುತ್ತದೆ, ಅಂದರೆ 'ಯಾವುದೋ ಸಕ್ಕರೆ ಕಾಯಿಲೆ'. ಟೈಪ್ 1 ಆದರೆ ಇ10, ಟೈಪ್ 2 ಆದರೆ ಇ11. ಚುಕ್ಕಿಯ ನಂತರದ ಅಂಕಿ ಸಕ್ಕರೆ ಎಲ್ಲಿಗೆ ಕೈ ಹಾಕಿದೆ ಎಂದು ಹೇಳುತ್ತದೆ: 2 ಮೂತ್ರಪಿಂಡ, 3 ಕಣ್ಣು, 4 ನರ, 5 ಕಾಲಿನ ರಕ್ತನಾಳ, 9 ಏನೂ ಆಗಿಲ್ಲ. ಫೈಲಿನ ಮಧ್ಯೆ ಕಿಡ್ನಿ ಡಾಕ್ಟರರ ಒಂದು ಭೇಟಿಯ ಚೀಟಿ, 'ಡಯಾಬಿಟಿಕ್ ನೆಫ್ರೋಪತಿ' ಅಂತ, ಅಂದರೆ ಸಕ್ಕರೆಯಿಂದ ಆದ ಕಿಡ್ನಿ ತೊಂದರೆ. ಸಮ್ಮರಿ ಬರೆದವರು ಅದನ್ನು ನೋಡಿಯೇ ಇರಲಿಲ್ಲ. ಕ್ರಿಯಾಟಿನಿನ್ ಹೆಚ್ಚಿದೆ ಅನ್ನುವ ಲ್ಯಾಬ್ ರಿಪೋರ್ಟು ಮಾತ್ರ ಇದ್ದಿದ್ದರೆ ನಾನು ಮುಟ್ಟುತ್ತಿರಲಿಲ್ಲ. ಲ್ಯಾಬಿನ ಅಂಕಿ ನೋಡಿ ಕಾಯಿಲೆಗೆ ಹೆಸರಿಡುವುದು ನಮ್ಮ ಕೆಲಸವಲ್ಲ, ಅದಕ್ಕೆ ಡಾಕ್ಟರ್ ಬೇಕು.

ಡಾಕ್ಟರರನ್ನು ಕೇಳುವುದಕ್ಕೂ ಒಂದು ರೀತಿ ಇದೆ. "ಟೈಪ್ 2 ಅಲ್ವಾ ಸರ್?" ಅಂತ ಕೇಳಿದರೆ ಓಪಿಡಿ ಮಧ್ಯೆ ತಲೆಯಾಡಿಸಿ ಹೋಗುತ್ತಾರೆ, ಆಗ ಉತ್ತರ ನಿಮ್ಮದು, ಸಹಿ ಅವರದು. "ಸರ್, ಡಯಾಬಿಟಿಸ್ ಯಾವ ಟೈಪ್? ಕಿಡ್ನಿ ತೊಂದರೆಗೂ ಅದಕ್ಕೂ ಸಂಬಂಧ ಇದೆಯಾ ಇಲ್ಲವಾ?" ಅಂತ ಚೀಟಿಯಲ್ಲಿ ಬರೆದು, ಅವರ ಕೈಯಲ್ಲೇ ಬರೆಸಿಕೊಂಡು, ಆ ಚೀಟಿಯನ್ನು ಫೈಲಿಗೆ ಹಚ್ಚಿ. ಉತ್ತರ ಬಂತು: ಟೈಪ್ 2, ಸಂಬಂಧ ಇದೆ. ಇ11.2, ಜೊತೆಗೆ ಎನ್08.3. ಪುಸ್ತಕದಲ್ಲಿ ಮೊದಲನೆಯದರ ಪಕ್ಕ ಕಠಾರಿಯ ಗುರುತು, ಎರಡನೆಯದರ ಪಕ್ಕ ನಕ್ಷತ್ರ. ಕಠಾರಿ ಮೂಲ ಕಾಯಿಲೆ, ನಕ್ಷತ್ರ ಅದು ಅಂಗದಲ್ಲಿ ತೋರಿದ ರೂಪ. ನಕ್ಷತ್ರದ ಕೋಡ್ ಒಂಟಿಯಾಗಿ ಎಲ್ಲೂ ಹೋಗಬಾರದು.

ಇದನ್ನೆಲ್ಲ ಯಾಕೆ ಇಷ್ಟು ಕೆದಕಬೇಕು ಅಂತ ಅನ್ನಿಸಬಹುದು. ನನ್ನದೇ ಒಂದು ತಪ್ಪು ಹೇಳುತ್ತೇನೆ. ಕ್ಯಾಂಟೀನ್ ನಡೆಸುವ ಒಬ್ಬರು ಹರ್ನಿಯಾ ಆಪರೇಶನ್‌ಗೆ ಬಂದಿದ್ದರು, ಕೆ40.9, ಸುಲಭದ ಫೈಲು. ಹಳೆಯ ಕಾಯಿಲೆಗಳ ಸಾಲಿನಲ್ಲಿ 'ಎಂಐ, 2011' ಅಂತ ಇತ್ತು. ಎಂಐ ಅಂದರೆ ಹಾರ್ಟ್ ಅಟ್ಯಾಕ್, ಅದು ಐ21.9 ಅಂತ ಕೈ ತಾನಾಗಿ ಬರೆಯಿತು. ಐ21 ಅಂದರೆ ಈಗ ಆದದ್ದು, ನಾಲ್ಕು ವಾರದ ಒಳಗಿನದು. ಹಳೆಯದಕ್ಕೆ ಐ25.2. ನಮ್ಮಲ್ಲಿ ವಿಮೆಯ ಕ್ಲೇಮ್ ಫಾರಂನ ಬಿ ಭಾಗವನ್ನು ಆಸ್ಪತ್ರೆ ತುಂಬಬೇಕು, ಮುಖ್ಯ ಕಾಯಿಲೆ, ಜೊತೆಯ ಕಾಯಿಲೆ ಎಲ್ಲಕ್ಕೂ ಅದರಲ್ಲಿ ಐಸಿಡಿ-10 ಕೋಡಿನ ಮನೆಗಳಿವೆ. ಟಿಪಿಎಯಿಂದ (ವಿಮೆ ಕಂಪೆನಿಯ ಪರವಾಗಿ ಕ್ಲೇಮ್ ನೋಡುವವರಿಂದ) ಕ್ವೆರಿ ಬಂತು: ಹಾರ್ಟ್ ಅಟ್ಯಾಕ್ ಆದವರಿಗೆ ಅದೇ ವಾರ ಹರ್ನಿಯಾ ಆಪರೇಶನ್ ಹೇಗೆ ಮಾಡಿದಿರಿ, ಇಸಿಜಿ ಎಲ್ಲಿ, ಟ್ರೋಪೋನಿನ್ ಎಲ್ಲಿ? ಅವರ ದುಡ್ಡು ಮೂರು ವಾರ ಸಿಕ್ಕಿಬಿತ್ತು. ಮನುಷ್ಯ ಎರಡು ಸಲ ಕಲ್ಯಾಣದಿಂದ ಬಂದು ನನ್ನ ಮೇಜಿನ ಎದುರು ನಿಂತರು. ಬೈಯಲೇ ಇಲ್ಲ, ಅದೇ ಹೆಚ್ಚು ಚುಚ್ಚಿತು. ಅಂದಿನಿಂದ ಹಳೆಯ ಕಾಯಿಲೆಯ ಸಾಲಿನಲ್ಲಿ ಇಸವಿ ಕಂಡರೆ ಪೆನ್ನು ಕೆಳಗಿಟ್ಟು ಯೋಚಿಸುತ್ತೇನೆ.

ಮಳೆಗಾಲದ ಫೈಲುಗಳಿಗೆ ಬೇರೆಯೇ ಜಾಗ್ರತೆ ಬೇಕು. ಜೂನ್‌ನಿಂದ ಅಕ್ಟೋಬರ್‌ವರೆಗೆ ನಮ್ಮ ಮುಂಬಯಿ ಪೂರ್ತಿ ಎ ಮತ್ತು ಬಿ. ಬರೀ ಮಲೇರಿಯಾ ಅಂತಿದ್ದರೆ ಬಿ54, ಆದರೆ ಸ್ಲೈಡ್ ರಿಪೋರ್ಟಿನಲ್ಲಿ ವೈವಾಕ್ಸ್ ಜಾತಿಯ ರೋಗಾಣು ಇದ್ದು ಡಾಕ್ಟರೂ ಬರೆದಿದ್ದರೆ ಬಿ51, ಫಾಲ್ಸಿಪಾರಮ್ ಆದರೆ ಬಿ50, ಮೆದುಳಿಗೆ ಏರಿದ್ದರೆ ಬಿ50.0. ಡೆಂಗಿಗೆ ಹಳೆಯ ಪುಸ್ತಕದಲ್ಲಿ ಎ90, ಎ91 ಇದೆ. ಹೊಸ ಆವೃತ್ತಿಗಳಲ್ಲಿ ಎ97, ಅಪಾಯದ ಲಕ್ಷಣ ಇಲ್ಲದ್ದು, ಇದ್ದದ್ದು, ತೀವ್ರವಾದದ್ದು ಅಂತ ಬೇರೆ ಬೇರೆ. ವಾಂತಿ ಭೇದಿಗೆ ಡಾಕ್ಟರರು ಎಜಿಇ ಅಂತ ಬರೆಯುತ್ತಾರೆ, ಎ09. ನಮ್ಮ ಹುಡುಗಿ ಅದನ್ನು ಇಂಗ್ಲಿಷಿನ 'ಏಜ್' ಅಂತ ಓದಿ, "ವಯಸ್ಸು ಬರೆದು ನಂಬರ್ ಹಾಕ್ಲಿಕ್ಕೆ ಮರ್ತಿದ್ದಾರೆ ಅಕ್ಕ" ಅಂದಿದ್ದಳು. ಪಾಪ, ಅವಳ ತಪ್ಪಲ್ಲ. ಇಂಥ ಸಂಕ್ಷೇಪಗಳಿಗೆ ಒಂದು ನೋಟ್‌ಬುಕ್ ಇಟ್ಟುಕೊಳ್ಳಿ, ಯಾವ ವಿಭಾಗದ ಡಾಕ್ಟರ್ ಯಾವ ಅರ್ಥದಲ್ಲಿ ಬರೆಯುತ್ತಾರೆ ಅನ್ನುವುದರ ಸಮೇತ.

2005ರ ಜುಲೈ 26 ನೆನಪಿರುವವರಿಗೆ ನೆನಪಿದೆ. ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ. ಆ ಕೊಳಕು ನೀರಿನಲ್ಲಿ ನಡೆದವರಿಗೆ ಆಮೇಲಿನ ವಾರಗಳಲ್ಲಿ ಲೆಪ್ಟೊ (ಲೆಪ್ಟೊಸ್ಪೈರೋಸಿಸ್, ಇಲಿ ಜ್ವರ) ಬಂತು. ನಾನಾಗ ಕೆಲಸಕ್ಕೆ ಹೊಸಬಳು. ಫೈಲು ರಾಶಿ ಬೀಳುತ್ತಿತ್ತು, 'ಜ್ವರ' ಅಂತ ಕಂಡದ್ದಕ್ಕೆಲ್ಲ ಆರ್50.9 ಬಡಿದು ಕಪಾಟಿಗೆ ತಳ್ಳಿದೆ. ಡಿಸ್ಚಾರ್ಜ್ ಆದ ಮೇಲೆ ಬಂದ ರಕ್ತದ ರಿಪೋರ್ಟುಗಳು ಫೈಲಿನ ಹಿಂದೆ ಪಿನ್ ಆಗಿ ಕೂತಿದ್ದವು. ಎರಡು ತಿಂಗಳ ನಂತರ ನಮ್ಮ ಮೆಡಿಕಲ್ ಸೂಪರಿಂಟೆಂಡೆಂಟ್ ಲೆಪ್ಟೊ ಎಷ್ಟು ಅಂತ ಕೇಳಿದಾಗ, ಎ27 ಅಂತ ಹುಡುಕಿದರೆ ಕಂಪ್ಯೂಟರಿನಲ್ಲಿ ಬೆರಳೆಣಿಕೆ. ವಾರ್ಡಿನ ಸಿಸ್ಟರ್ ನಗುತ್ತಾ, "ಬೆಡ್ ಸಾಲದೆ ನೆಲದಲ್ಲಿ ಮಲಗಿಸಿದ್ದು ಯಾರನ್ನ ಹಾಗಾದ್ರೆ?" ಅಂದರು. ಒಂದೊಂದೇ ಫೈಲು ಇಳಿಸಿ, ರಿಪೋರ್ಟು ತೋರಿಸಿ ಡಾಕ್ಟರರಿಂದ ಬರೆಸಿಕೊಂಡು, ಕೋಡ್ ತಿದ್ದಿದೆವು. ಈಗ ರಿಪೋರ್ಟು ಬಾಕಿ ಇರುವ ಫೈಲಿಗೆ ಹಳದಿ ಚೀಟಿ ಅಂಟಿಸಿ ಬೇರೆ ರ‍್ಯಾಕ್‌ನಲ್ಲಿ ಇಡುತ್ತೇನೆ. ನೀವೂ ಹಾಗೇ ಮಾಡಿ.

ಲೋಕಲ್ ಟ್ರೇನಿನ ಪೆಟ್ಟುಗಳದ್ದು ಬೇರೆ ಲೋಕ. ಓಡುವ ಗಾಡಿಯಿಂದ ಹೊರಗೆ ಬಿದ್ದರೆ ವಿ81.6, ಹತ್ತುವಾಗ ಇಳಿಯುವಾಗ ಆದರೆ ವಿ81.4, ಗಾಡಿಯ ಒಳಗೇ ಬಿದ್ದರೆ ವಿ81.5, ಹಳಿ ದಾಟುವಾಗ ಗಾಡಿ ಹೊಡೆದರೆ ವಿ05. ಪ್ಲಾಟ್‌ಫಾರ್ಮಿನ ಮೇಲೆ ಬಾಳೆಹಣ್ಣಿನ ಸಿಪ್ಪೆಗೆ ಜಾರಿ ಬಿದ್ದವರು ಟ್ರೇನಿನ ಲೆಕ್ಕಕ್ಕೆ ಬರುವುದೇ ಇಲ್ಲ, ಅವರು ಡಬ್ಲ್ಯೂ01. ಡೊಂಬಿವಲಿಯಿಂದ ಬೆಳಗಿನ ಫಾಸ್ಟ್ ಹಿಡಿಯುವ ನನಗೆ ಈ ನಾಲ್ಕು ಕೋಡುಗಳಿಗೆ ಮಾತ್ರ ಪುಸ್ತಕ ಬೇಡ.

ಹನ್ನೊಂದನೆಯ ಪರಿಷ್ಕರಣೆ 2022ರ ಜನವರಿಯಿಂದ ಜಾರಿಯಲ್ಲಿದೆ. ಅಲ್ಲಿ ಟೈಪ್ 2 ಸಕ್ಕರೆ 5ಎ11, ಬಿಪಿ ಬಿಎ00. ಆಯುರ್ವೇದ, ಸಿದ್ಧ, ಯುನಾನಿಯ ಹೆಸರುಗಳಿಗೂ ಅದರಲ್ಲಿ ಜಾಗವಾಗಿದೆ. ನಮ್ಮ ಆಸ್ಪತ್ರೆ ಇನ್ನೂ ಹತ್ತರಲ್ಲೇ ಇದೆ. ಹತ್ತು ಚೆನ್ನಾಗಿ ಬಂದವರಿಗೆ ಹನ್ನೊಂದು ಕಷ್ಟವಾಗದು, ವೆಬ್‌ಸೈಟಿನಲ್ಲಿ ಕೂತು ಆಡುತ್ತಾ ಕಲಿಯಬಹುದು.

ಕೊನೆಗೆ ಸಾವಿನ ಫಾರಂ. ಭಟ್ರು ವಾಕರ್ ಹಿಡಿದುಕೊಂಡು ಮನೆಗೆ ಹೋದರು, ಆದ್ದರಿಂದ ಎಸ್72.0 ಮೊದಲು ಬಂತು. ಅದೇ ಐಸಿಯುವಿನಲ್ಲಿ ತೀರಿಕೊಂಡಿದ್ದರೆ ಲೆಕ್ಕ ತಿರುಗಿಬೀಳುತ್ತಿತ್ತು. ಸಾವಿಗೆ ಹಿಡಿಯುವುದು ಸರಪಳಿಯನ್ನು ಶುರುಮಾಡಿದ ಕಾರಣ: ನ್ಯೂಮೋನಿಯಾ ಬಂದದ್ದು ಹಾಸಿಗೆ ಹಿಡಿದದ್ದರಿಂದ, ಹಾಸಿಗೆ ಹಿಡಿದದ್ದು ಮುರಿತದಿಂದ, ಮುರಿದದ್ದು ಜಾರಿದ್ದರಿಂದ. ಆಗ ಮುಖ್ಯ ಕಾರಣ ಡಬ್ಲ್ಯೂ01, ಚೆಲ್ಲಿದ ಹಿಟ್ಟು. ಆಸ್ಪತ್ರೆಯ ಸಾವಿಗೆ ತುಂಬುವ ಫಾರಂ 4ರಲ್ಲಿ ಎ, ಬಿ, ಸಿ ಅಂತ ಕೆಳಕ್ಕಿಳಿಯುವ ಸಾಲುಗಳಿರುವುದು ಅದಕ್ಕೇ. ಎ ಕೊನೆಗೆ ಆದದ್ದು, ಕೆಳಗಿಳಿದಷ್ಟೂ ಮೊದಲು ಆದದ್ದು. ಎಳೆಯ ಡಾಕ್ಟರರು ಎ ಸಾಲಿನಲ್ಲಿ 'ಕಾರ್ಡಿಯೋ ರೆಸ್ಪಿರೇಟರಿ ಅರೆಸ್ಟ್' ಬರೆದು, ಉಳಿದದ್ದು ಖಾಲಿ ಬಿಟ್ಟು ಸಹಿ ಹಾಕುತ್ತಾರೆ. ಹೃದಯ ನಿಲ್ಲದೆ ಸತ್ತವರನ್ನು ನಾನು ಇನ್ನೂ ನೋಡಿಲ್ಲ. ಅಂಥ ಫಾರಂ ಬಂದರೆ ಕೋಡ್ ಹುಡುಕಲು ಹೋಗಬೇಡಿ. ಒಂದು ಚೀಟಿಯಲ್ಲಿ ಪೆನ್ಸಿಲಿನಿಂದ 'ಅದಕ್ಕೆ ಮೊದಲು ಏನಾಯಿತು ಸರ್?' ಅಂತ ಬರೆದು, ಫಾರಂಗೆ ಸಿಕ್ಕಿಸಿ, ವಾರ್ಡಿಗೆ ವಾಪಸು ಕಳಿಸಿ.